ಮೂಕ ಕಂಬ

ಖಡೇಬಜಾರಿನ ಆ ಅಂಗಡಿಯೊಳಗ
ಟ್ಯೂಬ್‌ಲೈಟು ಸುಳ್ಳು ಹೇಳತದ.
ಅದಕ್ಕs ಉಂಡಿ ಕೈಯಾಗ ಹಿಡದು
ಹೊಸ್ತಿಲ ದಾಟಿ ಬಿಸಿಲಿಗೆ ಬರತೀನಿ.
ಬಾಫಣಾ ಕಾಕಾ ಗಲ್ಲಾದ ಹಿಂದಿನಿಂದ ಕೂಗತಾನ:
"ಏ ಬಾಯಿ, ದಾರ ತೊಗೊಂಡು ಓಡಬ್ಯಾಡ!"
ಹದಿನಾಲ್ಕು ವರ್ಷ ಆತು, ಅದs ಚಾಷ್ಟಿ.
ನಾನೂ ನಗತೀನಿ, ಹದಿನಾಲ್ಕು ವರ್ಷದ್ದು.

ಒಳಗ ಕುಂಕುಮ ಇದ್ದದ್ದು
ಹೊರಗ ದಾಳಿಂಬರ ಸಿಪ್ಪಿ.
ಒಳಗ ಬೂದಿ, ಹೊರಗ ಪಾರಿವಾಳದ ಕುತ್ತಿಗಿ.
ಆ ಕಂದು ಮಾತ್ರ ಎಲ್ಲಿಟ್ಟರೂ ಕಂದು,
ತಳ ಹತ್ತಿದ ಕುಂದಾದ್ದು.
ಗಲ್ಲಕ್ಕ ಒತ್ತಿ ನೋಡತೀನಿ. ಚುಚ್ಚಿದರ ಕೂಸಿನ ಟೊಪ್ಪಿಗಿ ಬ್ಯಾಡ.
ತುದಿ ಬಿಚ್ಚಿ, ಎಳಿ ಎಣಸಿ, ಒಮ್ಮೆ ಜಗ್ಗಿ
ಬ್ಯಾಡ ಅಂತ ಇಟ್ಟು
ಮತ್ತ ತೊಗೋತೀನಿ.

"ಟ್ರಂಕು ತುಂಬೇತಿ, ಇದೇನು ಮಾಡಾಕ?"
ಮನಿಯವರು ಕೇಳತಾರ.
ಇನ್ನೂ ಗೊತ್ತಿಲ್ಲ ಅನ್ನೂದರಾಗs ಅರ್ಧ ಸುಖ ಅದ,
ಅದನ್ನ ಹೆಂಗ ಹೇಳಲಿ.

ನಮ್ಮಪ್ಪನ ಮಗ್ಗ ವಡಗಾವಿಯಾಗ.
ಸಾವಿರಾರು ಎಳಿ, ಓಣಿ ಎಲ್ಲಾ ಗಡಗಡ.
ಒಂದು ಹರದರ ಎಲ್ಲಾ ನಿಲ್ಲತಿತ್ತು,
ಊಟಕ್ಕ ಕುಂತವ ಎದ್ದು ಓಡತಿದ್ದ.
ನನ್ನದು ಒಂದs ಎಳಿ. ಒಂದು ಕೊಕ್ಕಿ ಸೂಜಿ.
ಸಪ್ಪಳ ಇಲ್ಲ.

ಕಲಿಸಿದಾಕಿ ಕಾಲಿಂದಿ ಕಾಕೂ, ಮ್ಯಾಲಿನ ಮನಿ.
ಆಕಿ ಕಲಿಸಿದ್ದು ಮರಾಠಿಯೊಳಗ,
ನಾ ಕಲತದ್ದು ಕನ್ನಡದಾಗ.
ಸಾಖಳಿ ಅಂದರ ಸರಪಳಿ.
ಖಾಂಬ ಅಂದರ ಕಂಬ.
ಮುಕಾ ಖಾಂಬ ಅಂದಾಗ ಕೈ ನಿಂತಿತು.
ಮೂಕ ಕಂಬ? ಮಾತಾಡೂ ಕಂಬ ಎಲ್ಲೆದಾವ ಕಾಕೂ?
ಸೂಜಿ ತುದಿಯಿಂದ ನನ್ನ ಬೆರಳು ಕುಟ್ಟಿದಳು:
ಉಳದವು ಎದ್ದು ನಿಂತು ತಮ್ಮನ್ನ ತೋರಸ್ತಾವ.
ಇದು ಗಿಡ್ಡ. ಸುಮ್ಮ ಕೂಡತದ,
ಆದರ ಬಿಡಂಗಿಲ್ಲ.

ಹೋದ ವರ್ಷ ಆಕಿ ಕಣ್ಣಾಗ ಮೋತಿಬಿಂದು.
ಒಂಬತ್ತು ಗಿಳಿಯ ತೋರಣ, ಬಾಗಲಿಗೆ.
ಆರು ಮುಗದಿದ್ದವು; ಆರನೇದರ ಬಾಲ
ಬೆರಳಿಂದ ತೂತು ಮುಟ್ಟಿ ಮುಟ್ಟಿ ಹಾಕಿದ್ದು.
ಸೂಜಿ ಚುಚ್ಚಿದ್ದು ಚುಚ್ಚಿದಂಗs
ನನ್ನ ಉಡಿಯಾಗ ಹಾಕಿ ಹೇಳಿದಳು: "ಹಿಡಿ."

ಕೆಂಪು ಸಾಲಲಿಲ್ಲ.
"ಬಾನಿ ಬ್ಯಾರೆ ಆದರ ಬಣ್ಣ ಬ್ಯಾರೆ," ಅಂದ ಬಾಫಣಾ ಕಾಕಾ,
ಒಮ್ಮೆ ಮಾತ್ರ, ಚಾಷ್ಟಿ ಇಲ್ಲದ.
ನಾಲ್ಕು ಬೆರಳಿನಷ್ಟು ಎಳಿ ಪರ್ಸಿನ ಜಿಪ್ಪಿಗೆ ಕಟ್ಟಿಕೊಂಡು
ಗಣಪತ ಗಲ್ಲಿ, ಶಹಾಪುರ,
ಲಗ್ನಕ್ಕ ಹೋದಾಗ ನಿಪ್ಪಾಣಿ.
ಎಲ್ಲಾ ಕೆಂಪೂ ಅಕ್ಕ ತಂಗಿಯರು,
ಅದು ಯಾವುದೂ ಅಲ್ಲ.
ಸಮೀಪದ ಬಣ್ಣ ಹಚ್ಚಿದರ ತಪ್ಪು ಮಾಡಿದಂಗ ಕಾಣತದ,
ದೂರದ್ದು ಹಚ್ಚಿದರ ಬೇಕಂತs ಮಾಡಿದಂಗ.
ಎರಡು ತಿಂಗಳು ಬೇಕಾತು ಇಷ್ಟು ತಿಳಿಯಾಕ.
ಕೊನೀಗೆ ಅರಿಷಿಣ ತಂದೆ,
ಹಸಿ ಕೊಂಬು ಮುರದಾಗಿನ ಅರಿಷಿಣ.

ಕರಿ ಚಷ್ಮಾ ತಗದ ದಿನ
ಕಾಕೂ ಬಾಗಲ ಕೆಳಗ ಸ್ಟೂಲ್ ಹಾಕಿ ಹತ್ತಿದಳು,
ನಾ ಬ್ಯಾಡ ಅಂದರೂ.
ಕೆಂಪು ಮುಗದು ಹಳದಿ ಶುರುವಾಗೂ ಗಂಟಿನ ಮ್ಯಾಲ
ಬೆರಳಿಟ್ಟಳು.
"ಇಲ್ಲಿಂದ ನೀ."
ನನಗ ಗಂಟಲು ಕಟ್ಟಿ ಬಂತು; ಅಷ್ಟರಾಗ:
"ಎಂಟನೇ ಗಿಳೀಗೆ ಒಂದು ಕಂಬ ಕಡಿಮಿ. ಬಿಚ್ಚು."

ಒಂಬತ್ತನೇದು ಬಿಚ್ಚದ ಎಂಟನೇದಕ್ಕ ದಾರಿ ಇಲ್ಲ.
ಜಗ್ಗಿದೆ. ಒಂದು ವಾರದ ಗಿಳಿ
ಚಹಾ ಆರೂದರಾಗ ಹಾರಿಹೋತು.
ಉಡಿಯಾಗ ದಾರ ನೆಟ್ಟಗ ಮಲಗಲಿಲ್ಲ, ಸುರಳಿ ಸುರಳಿ,
ಎಲ್ಲೆಲ್ಲಿ ತಿರುವಿದ್ದೆನೋ
ಅಷ್ಟೂ ನೆನಪಿಟ್ಟುಕೊಂಡು.