ಎಣಿಕೆ ನಿಂತ ಮೇಲೆ

ಬ್ರಿಸ್ಟಲಿನ ಬೆಡ್‌ಮಿನ್‌ಸ್ಟರಿನಲ್ಲಿ, ಒಂದು ಕಾಲಕ್ಕೆ
ತಂಬಾಕು ತುಂಬಿಡುತ್ತಿದ್ದ ಗೋದಾಮಿನೊಳಗೆ
ನನ್ನದೊಂದು ಕಾಡಿದೆ, ಅಡುಗೆಮನೆಯ ಮೇಜಿನಷ್ಟು.
ಮರಗಳೆಲ್ಲ ತಂತಿ, ಹಿಮ ಅಡುಗೆ ಸೋಡಾ,
ಹುಣ್ಣಿಮೆಗೆ ಸ್ವಿಚ್ಚು.
ನರಿ ಗೇಣುದ್ದ. ಗ್ವೆನ್‌ಲಿಯನ್ ಮಾಡಿದ್ದು:
ಒಳಗೆ ಉಕ್ಕಿನ ಕೀಲು, ಮೇಲೆ ಮೇಕೆಯ ಕೂದಲು,
ಮೂರು ಸಲ ಬಣ್ಣ ಕುಡಿಸಿದ್ದು.

ನರಿ ಎಂದರೆ ನನಗೆ ಗೊತ್ತಿದ್ದದ್ದು ಹುಳಿ ದ್ರಾಕ್ಷಿ,
ಕಾಗೆಯ ಬಾಯಿಂದ ಬೀಳಿಸಿಕೊಂಡ ರೊಟ್ಟಿ,
ನರಿಬುದ್ಧಿ ಬೇಡ ಎಂದ ಮೇಷ್ಟ್ರ ಬೆತ್ತ.
ಇಲ್ಲಿಯವರು ಓದಿ ಬೆಳೆದ ಹಳೇ ಪುಸ್ತಕದಲ್ಲಿ
ಅವಳು ತಾಯಿ. ಮರಿ ನಾಲ್ಕು.
ರಾತ್ರಿ ಮೂಗಿನಿಂದ ಮುಟ್ಟಿ ಮುಟ್ಟಿ ಎಣಿಸುತ್ತಾಳೆ,
ನಾಲ್ಕು ಬಂದರೆ ನಿದ್ದೆ.
ಕೊನೆಯ ಪುಟಕ್ಕೆ ಒಂದೇ ಸಾಲು:
ಆ ಚಳಿಗಾಲ ಅವಳು ಎಣಿಸುವುದನ್ನು ನಿಲ್ಲಿಸಿದಳು.

ನಾನೂ ಎಣಿಸುವವಳೇ.
ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ.
ಬಾಲ ಒಂದು ಎಳ್ಳಿನಷ್ಟು ಸರಿಸು, ಹಿಂದೆ ಸರಿ, ಕ್ಲಿಕ್ಕು.
ಇನ್ನೊಂದು ಎಳ್ಳು. ಕ್ಲಿಕ್ಕು.
ದಿನವಿಡೀ ದುಡಿದರೆ ಅವಳೊಂದು ಹಳ್ಳ ದಾಟುತ್ತಾಳೆ;
ಅಷ್ಟರಲ್ಲಿ ನನ್ನ ಚಹಾ ಎರಡು ಸಲ ಕೆನೆಗಟ್ಟಿರುತ್ತದೆ.

ಬೆರಳು ತಾಗಿದಲ್ಲೆಲ್ಲ ಕೂದಲು ಕದಲುತ್ತದೆ.
ಪರದೆಯ ಮೇಲೆ ಅದು ಕುದಿಯುತ್ತದೆ, ಗಾಳಿ ಹೊಕ್ಕ ಹಾಗೆ.
ಕಸುಬಿನವರಿಗೆ ಇದು ತಪ್ಪು. ಬಾಚಬೇಕು.
ಬಾಚಿದೆ ಎರಡು ವರ್ಷ, ಹಲ್ಲುಜ್ಜುವ ಬ್ರಷ್ಷಿನಲ್ಲಿ.

ಮಾರ್ಚಿನಲ್ಲಿ ಲಂಡನ್ನಿನ ದುಡ್ಡಿನವರು ಬರೆದರು:
ಮಕ್ಕಳು ಅಳುತ್ತವೆ. ಸಾಯುವುದು ಬೇಡ, ಮಲಗಿರಲಿ.
ಉಸಿರು ತೋರಿಸಿ.
ಹೊಟ್ಟೆಯಡಿ ಒಂದು ತಿರುಪಿದೆ, ಕಾಲುಭಾಗ ತಿರುಗಿಸಿದರೆ ಒಂದು ಉಸಿರು.
ಹೆಸ್ಕೆತ್ ನನ್ನ ಮುಖ ನೋಡದೆ ಹೇಳಿದ,
"ಮ್ಯಾಂಡಿ, ಆರು ಸೆಕೆಂಡು."
ಮಂದಾಕಿನಿ ಅನ್ನಲು ಇವರಿಗೆ ಪುರುಸೊತ್ತಿಲ್ಲ.

ನೂರ ನಲವತ್ತನಾಲ್ಕು ಚಿತ್ರ.
ರಾತ್ರಿ ಒಬ್ಬಳೇ ಕೂತೆ. ಸ್ಕ್ರೂಡ್ರೈವರು ಕೈಯಲ್ಲೇ ಇತ್ತು.
ತಿರುಗಿಸಲಿಲ್ಲ.
ಸುಮ್ಮನೆ ಮುಟ್ಟಿದೆ, ಕಿವಿಯ ಹಿಂದೆ, ಪಕ್ಕೆಯ ಮೇಲೆ,
ಕ್ಲಿಕ್ಕು; ಮತ್ತೆ ಮುಟ್ಟಿದೆ. ಬಾಚಲಿಲ್ಲ.
ಮೂರು ಗಂಟೆಗೆ ಬೀಗ ಹಾಕಿ ಹೊರಬಂದರೆ
ನಾರ್ತ್ ಸ್ಟ್ರೀಟಿನಲ್ಲಿ ದಿಟದ ನರಿಯೊಂದು
ಕೋಳಿಮೂಳೆಯ ಡಬ್ಬಿ ಕಚ್ಚಿ ನಿಂತಿತ್ತು.
ಎಷ್ಟು ಸಲೀಸಾಗಿ ತಿರುಗಿ ಹೋಯಿತು, ಪುಣ್ಯಾತ್ಗಿತ್ತಿ,
ಯಾರ ಕೈಯೂ ಇಲ್ಲದೆ.

ಲಂಡನ್ನಿನ ಉತ್ತರ: ಉಸಿರು ಬಲು ಚೆನ್ನಾಗಿದೆ, ವಂದನೆ.

ಮೊದಲ ಪ್ರದರ್ಶನ ಚರ್ಚಿನ ಪಕ್ಕದ ಹಾಲಿನಲ್ಲಿ, ಮಡಚುವ ಕುರ್ಚಿಗಳು.
ಗ್ವೆನ್‌ಲಿಯನ್ನಳ ಮೊಮ್ಮಗಳು ಕೆಜಾಯ, ಆರು ವರ್ಷ,
ಮುಂದಿನ ಹಲ್ಲೆರಡು ಇಲ್ಲ, ಕಡೆಯ ದೃಶ್ಯಕ್ಕೆ
ಪಾಪ್‌ಕಾರ್ನ್ ತಿನ್ನುವುದನ್ನು ನಿಲ್ಲಿಸಿದಳು.
ಅವಳಮ್ಮ ಬಗ್ಗಿ ಪಿಸುಗುಟ್ಟಿದಳು, ನಿದ್ದೆ ಮಾಡ್ತಿದೆ ಕಣೆ, ನೋಡು.
"ಇಲ್ಲ, ಸತ್ತಿದೆ," ಅಂದಳು ಹುಡುಗಿ, ಅಳದೆ.
"ಮರ ಅಲ್ಲಾಡ್ತಾ ಇಲ್ಲ. ಗಾಳಿ ಅಲ್ಲ ಅದು.
ಯಾರೋ ಸವರ್ತಾ ಇದಾರೆ."

ನಾನು ಎರಡೂ ಕೈ ಕೋಟಿನ ಜೇಬಿಗೆ ಹಾಕಿಕೊಂಡೆ.