ಹದಿನೇಳನೇ ಕಂಬ

ರಿಪ್ಪನ್‌ಪೇಟೆ ಸಬ್‌ಸ್ಟೇಷನ್ನಿನ ಲಾಗ್ ಪುಸ್ತಕದಲ್ಲಿ
ನನ್ನದೇ ಕೋಳಿಕಾಲಿನ ಅಕ್ಷರ:
'೭-೪೨ಕ್ಕೆ ಎರಡನೇ ಫೀಡರ್ ಟ್ರಿಪ್. ಕಾರಣ, ಬಾವಲಿ.
೯-೧೭ಕ್ಕೆ ಚಾರ್ಜ್.'
ಕೆಳಗೆ ಸಹಿ. ಸಹಿಯ ಮೇಲೆ ಚಹಾ ಲೋಟದ ಬಳೆ.

ಆ ರಾತ್ರಿ ಇಡೀ ಊರು ಫೋನಿನಲ್ಲಿ
ನಮ್ಮಪ್ಪ ಯಾರೆಂದು ವಿಚಾರಿಸಿತ್ತು.
ನಡುವೆ ಒಬ್ಬ, ಹಿಟ್ಟಿನ ಗಿರಣಿಯಿಂದ, ಮೆತ್ತಗೆ:
'ನಾಕು ಸೇರು ರಾಗಿ ಕಲ್ಲಿನ ಬಾಯಲ್ಲೇ ಸಿಕ್ಕೊಂಡಿದೆ ಸ್ವಾಮಿ,
ಯಾವಾಗ ಬರ್ತದೆ?'
'ಬಂದಾಗ ಬರ್ತದೆ' ಅಂದು ಇಟ್ಟೆ.

ಎಂಟೂವರೆಗೆ, ಹಾಗಂತ ಚಾರ್ಜ್‌ಶೀಟು,
ಸೊಸೈಟಿಯ ಬೀಗ ಒಡೆಯಿತು, ಕಾವಲಿನವನ ತಲೆಯೂ.
ಬೀದಿದೀಪದ ಕೆಳಗೆ ಟೀಕಪ್ಪನ ಮುಖ
ಹಾಡುಹಗಲಿನಂತೆ ಕಂಡೆ ಅಂದ ಗುರುಬಸಪ್ಪ.

ಕರೆಂಟೇ ಇರಲಿಲ್ಲ ಅಂತ ಟೀಕಪ್ಪ
ಠಾಣೆಯಲ್ಲಿ ಹೇಳಿದ, ವ್ಯಾನಿನಲ್ಲಿ ಹೇಳಿದ,
ಸೋಗಾನೆ ಜೈಲಿನ ಗೋಡೆಗೆ ಹೇಳಿದ.
ಗಿರಣಿಯವನಿಗೆ ಕತ್ತಲಲ್ಲಿ ಯಾರಿದ್ದರೋ ನೆನಪಿಲ್ಲ.
ಕಳ್ಳನಿಗೊಂದು ಪಿಳ್ಳೆ ನೆವ ಅಂದರು ಉಳಿದವರು.

ಹದಿನಾಲ್ಕು ತಿಂಗಳು.
ಅವನ ಸುದ್ದಿ ಬಂದ ಪೇಪರಿನಲ್ಲೇ
ರೊಟ್ಟಿ ಸುತ್ತಿಕೊಂಡು ಡ್ಯೂಟಿಗೆ ಹೋಗಿದ್ದೆ.
ಪುಸ್ತಕ ಬೀರುವಿನಲ್ಲಿ, ಬೀರುವಿನ ಕೀಲಿ ನನ್ನ ಉಡಿದಾರದಲ್ಲಿ.
ಕೇಳಿದವರಿಲ್ಲ. ಕೇಳದೆ ಹೇಳುವುದು
ನಮ್ಮ ಇಲಾಖೆಯ ಪದ್ಧತಿಯಲ್ಲ.

ಕೊನೆಗೆ ಕೇಳಿದವಳು ಪುಷ್ಪಲತಾ, ಕರಿಕೋಟಿಗೆ ಹೊಸಬಳು.
ಶಿವಮೊಗ್ಗದ ಕಟಕಟೆಯಲ್ಲಿ ನನ್ನ ನಿಲ್ಲಿಸಿ
'ಓದಿ' ಅಂದಳು. ಓದಿದೆ.
ಬಾವಲಿ ಅಂದಾಗ ಹಿಂದಿನ ಬೆಂಚಲ್ಲಿ ಯಾರೋ ನಕ್ಕರು.
ಜಡ್ಜು ನಗಲಿಲ್ಲ. ಗುರುಬಸಪ್ಪನ ಕಡೆ ತಿರುಗಿ
'ಯಾವ ದೀಪ?' ಅಂತಷ್ಟೇ ಕೇಳಿದರು.

ಬಿಡುಗಡೆ ಆಯಿತು.
ಹೋಟೆಲಿನಲ್ಲಿ ಈಗಲೂ ಮಾತು:
'ದೀಪ ಇರಲಿಲ್ಲ, ಒಪ್ಪೋಣ.
ಕದಿಯೋನಿಗೆ ಕತ್ತಲೇ ಅಲ್ಲವೇನ್ರೀ ಬೇಕಾದ್ದು?'

ಮೊನ್ನೆ ಬಂದಿದ್ದ. ಗೇಟಿನಾಚೆ ಚಪ್ಪಲಿ ಬಿಟ್ಟು.
ಅವನು ನಮಸ್ಕಾರ ಅನ್ನಲಿಲ್ಲ, ನಾನು ತಪ್ಪಾಯ್ತು ಅನ್ನಲಿಲ್ಲ.
ಪುಟ ತೆಗೆಸಿದ. ಓದು ಬಾರದ ಬೆರಳು
ಆ ಸಾಲನ್ನು ಎರಡು ಸಲ ತಡವಿತು.
'ಇದರಲ್ಲಿ ನನ್ನ ಹೆಸರೆಲ್ಲಿ?'
ಇಲ್ಲ ಅಂದೆ.
'ಬಾವಲಿ ಎಲ್ಲಿ ಬಿದ್ದಿತ್ತು?'

ಹದಿನೇಳನೇ ಕಂಬದ ಬುಡಕ್ಕೆ ಕರೆದೊಯ್ದೆ.
ಏನಿದೆ ಅಲ್ಲಿ? ಮುಟ್ಟಿದರೆ ಮುನಿ ಹಬ್ಬಿದೆ.
ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ.
ಎದ್ದವನು, ನನ್ನನ್ನಲ್ಲ, ತಂತಿಯನ್ನು ನೋಡುತ್ತ,
'ಅವತ್ತು ರಾಗಿಗೆ ಫೋನ್ ಮಾಡಿದ್ದು ನಾನೇ.
ನೆನಪಿದೆಯಾ?'