ಸಹಿ

ಥಂಡರ್ ಬೇ, ಬೆಳಗಿನ ಏಳು. ಕಿಟಕಿಗೆ ಹಿಮ ಮೆತ್ತಿದೆ.
ಕಾಗದದ ಮಿಲ್ಲಿನ ಪಾಳಿಗೆ ತಡವಾಗಿ ಮಿರೆಲ್
ಮಗುವನ್ನು ನನ್ನ ತೋಳಿಗೂ ಚೀಲವನ್ನು ನೆಲಕ್ಕೂ ಬಿಟ್ಟು
ಓಡಿದಳು. ಚೀಲದಲ್ಲಿ ಔಷಧಿ ಇದೆ,
ಫಾರಮ್ಮಿನಲ್ಲಿ ಸಹಿ ಇಲ್ಲ.

ಎಮಿಲ್‌ಗೆ ಎಂಟು ತಿಂಗಳು. ಒಸಡು ಕೆಂಪು,
ಕೆನ್ನೆ ಅದಕ್ಕಿಂತ ಕೆಂಪು. ಜೊಲ್ಲಿಗೆ ಎರಡು ಅಂಗಿ ಆಗಲೇ ಒದ್ದೆ.
ಅವನ ಅಳು ಕೇಳಿ ಸೋಫಾದ ಹಿಂದೆ ಲೂಮಿಯದೂ ಶುರು.
ಅವಳಿಗೆ ಹಲ್ಲು ಬಂದು ವರ್ಷವಾಯಿತು, ಇದು ಸುಮ್ಮನೆ ಜೊತೆಗೆ.

ಮೂರು ಸಲ ಫೋನು ಮಾಡಿದೆ. ಆ ಯಂತ್ರಗಳ ನಡುವೆ ಯಾರಿಗೆ ಕೇಳೀತು?
ಎರಡೂವರೆ ಮಿಲಿ, ಅಷ್ಟೆ. ಬಾಟಲಿ ಕೈಗೆಟಕುವಲ್ಲೇ ಇದೆ.
ಇಪ್ಪತ್ತು ವರ್ಷದಲ್ಲಿ ಈ ಅಡುಗೆಮನೆಯಲ್ಲಿ ಎಷ್ಟು ಹಲ್ಲು ಮೂಡಿಲ್ಲ!
ಆದರೂ ಅವನು ನನ್ನವನಲ್ಲ.

ನನ್ನಜ್ಜಿ ಸೈಮಿ ಒಸಡಿಗೆ ಬ್ರಾಂದಿ ಸವರುತ್ತಿದ್ದಳಂತೆ,
ಯಾರ ಸಹಿಯನ್ನೂ ಕೇಳದೆ.
ನಾನು ಫ್ರಿಜ್ಜಿನಿಂದ ಒದ್ದೆ ಬಟ್ಟೆಯ ಗಂಟು ತೆಗೆದೆ.
ಕಚ್ಚಿದ, ಉಗಿದ, ಮತ್ತೆ ಕಚ್ಚಿದ.
ಬಟ್ಟೆಯ ತಂಪು ಆರಿದ ಮೇಲೆ ನನ್ನ ಕಿರುಬೆರಳು.
ಕೆಳಗಡೆ, ನಡುವಿಗೆ,
ಅಕ್ಕಿನುಚ್ಚಿನಂಥದೇನೋ ಗೀರಿತು.

ಹನ್ನೊಂದೂಕಾಲಿಗೆ ಫೋಟೋ ಬಂತು:
ಊಟದ ಡಬ್ಬಿ ಸುತ್ತಿದ ಕಾಗದದ ಮೇಲೆ
ಮಗುವಿನ ಹೆಸರು, ಅಳತೆ, ಸಹಿ,
ಪಕ್ಕದಲ್ಲೇ ಗ್ರೀಸು ಮೆತ್ತಿದ ಹೆಬ್ಬೆಟ್ಟು.

ಅಷ್ಟರಲ್ಲಿ ಅವನಿಗೆ ನನ್ನ ಹೆಗಲ ಮೇಲೆ ನಿದ್ದೆ.
ಪುಸ್ತಕ ತೆರೆದು ಒಂದೇ ಕೈಯಲ್ಲಿ ಬರೆದೆ:
ಅನುಮತಿ ಬಂದಿದೆ. ಔಷಧಿ ಕೊಟ್ಟಿಲ್ಲ. ಮಲಗಿದ್ದಾನೆ.
ಹಲ್ಲಿನ ವಿಷಯ ಬರೆಯಲಿಲ್ಲ.
ಸಂಜೆ ಬಂದು
ಮೊದಲು ಕಚ್ಚಿಸಿಕೊಳ್ಳಲಿ ಅವಳೇ.